ಪಂಪ್ ಇಳಿಸೋಕೆ ಅವಸರ ಮಾಡಿ ಅರ್ಧ ದಿನ ಕಳ್ಕೊಂಡಿದ್ದು

ಅಂತರ್ಜಲದ ಸ್ಯಾಂಪಲ್ ತೆಗೆಯೋ ಕೆಲಸ ಅಂದ್ರೆ ಏನಿದೆ, ಬಾವಿಗೆ ಪಂಪ್ ಬಿಡು, ನೀರು ಬರುತ್ತೆ, ಬಾಟ್ಲಿಗೆ ತುಂಬ್ಸು ಅಷ್ಟೇ ಅಂತ ಅಂದ್ಕೊಂಡಿದ್ದೆ ನಾನು. ಬಾವಿ ಅಂದ್ರೆ ಇಲ್ಲಿ ಬರೀ 2 ಇಂಚಿನ ಪೈಪು. ಅದ್ರೊಳಗೆ ಹೋಗೋ ಸಬ್‌ಮರ್ಸಿಬಲ್ ಪಂಪು ಅದಕ್ಕಿಂತ ಒಂಚೂರು ಸಣ್ಣದು, ಸುತ್ತ ಬೆರಳು ತೂರೋಷ್ಟೂ ಜಾಗ ಇರಲ್ಲ.

ನೀರು 18 ಮೀಟರ್ ಕೆಳಗಿತ್ತು, ಬಾವಿ ತಳ 30 ಮೀಟರ್. ನಿಧಾನಕ್ಕೆ ಇಳಿಸಬೇಕು ಅಂತ ಹೇಳಿದ್ರು, ಆದ್ರೆ ಬಿಸಿಲು ಏರ್ತಿತ್ತು, ಟ್ಯೂಬ್ ಸರಸರ ಬಿಟ್ಟೆ, ತಳಕ್ಕೆ ಹೋಗಿ ಕುಕ್ಕಿದ್ದು ಕೈಗೇ ಗೊತ್ತಾಯ್ತು. ಸೀನಿಯರ್ ತಲೆ ಎತ್ತಿ ನೋಡಿ, "ಏನಪ್ಪಾ, ಇಳಿಸಿದ್ಯಾ ಇಲ್ಲಾ ಎಸೆದ್ಯಾ?" ಅಂದ್ರು. ಒಂದೂವರೆ ಮೀಟರ್ ಮೇಲಕ್ಕೆಳೆದು ಸ್ಕ್ರೀನ್ (ಪೈಪಲ್ಲಿ ನೀರು ಒಳಗೆ ಬರೋ ಸೀಳುಗಳಿರೋ ಭಾಗ) ಮಧ್ಯಕ್ಕೆ ನಿಲ್ಸಿ ಆನ್ ಮಾಡಿದ್ವಿ. ಬಂದಿದ್ದು ಬರೀ ಬಗ್ಗಡ.

ಬಗ್ಗಡ ಬಂದ್ರೆ ಏನಂತೆ, ಸೋಸಿದ್ರಾಯ್ತು ಅನ್ನಿಸುತ್ತಲ್ವಾ? ನಮಗೆ ಬೇಕಿದ್ದಿದ್ದು ಸೋಸದ ಸ್ಯಾಂಪಲ್. ಲೋಹ ಪರೀಕ್ಷೆ ಬಾಟ್ಲಿಯಲ್ಲಿ ಮೊದಲೇ ಆಸಿಡ್ ಇರುತ್ತೆ, ಮಣ್ಣಿನ ಕಣಕ್ಕೆ ಅಂಟಿರೋ ಕಬ್ಬಿಣ, ಸೀಸ ಎಲ್ಲಾ ಅದ್ರಲ್ಲಿ ಕರಗಿಬಿಡುತ್ತೆ, ನೀರಿನ ಜೊತೆ ಹರೀದೇ ಇರೋದು ರಿಪೋರ್ಟಲ್ಲಿ ಬಂದು ಕೂರುತ್ತೆ. ಅದಕ್ಕೇ ಪಿಎಚ್, ಕಂಡಕ್ಟಿವಿಟಿ, ಟರ್ಬಿಡಿಟಿ (ಬಗ್ಗಡ ಎಷ್ಟಿದೆ ಅನ್ನೋ ಅಳತೆ) ಎಲ್ಲಾ 3 ರಿಂದ 5 ನಿಮಿಷಕ್ಕೊಮ್ಮೆ ನೋಡಿ, ಸತತ ಮೂರು ಸಲ ಹೆಚ್ಚುಕಮ್ಮಿ ಒಂದೇ ಬಂದ್ಮೇಲೇ ಬಾಟ್ಲಿ ಮುಟ್ಟೋದು.

ಇಪ್ಪತ್ತು ನಿಮಿಷ ಆದ್ರೂ ಟರ್ಬಿಡಿಟಿ 150ರ ಕೆಳಗೆ ಇಳೀಲಿಲ್ಲ. ಜೋರಾಗಿ ಎಳೆದ್ರೆ ಬೇಗ ತಿಳಿ ಆಗುತ್ತೆ ಅಂತ ನಾನೇ ಬುದ್ಧಿವಂತನ ಥರ ಕಂಟ್ರೋಲರ್ ನಾಬ್ ತಿರುಗಿಸ್ದೆ. ಬಗ್ಗಡ ಇನ್ನೂ ಜಾಸ್ತಿ ಆಯ್ತು, ಆಮೇಲೆ ನೀರು ಮುಟ್ಟಿದ್ರೆ ಬೀಪ್ ಅನ್ನೋ, ಮಟ್ಟ ನೋಡೋ ಟೇಪಿನ ಸದ್ದು ನಿಂತೋಯ್ತು, ಟೇಪ್ ಬಿಟ್ಟಷ್ಟೂ ನೀರು ಕೆಳಕ್ಕೇ ಓಡ್ತಿದೆ, ನೋಡ್ತಾ ನೋಡ್ತಾ ಟ್ಯೂಬಲ್ಲಿ ಗೊರ ಗೊರ ಅಂತ ಗಾಳಿ. ಸೀನಿಯರ್ ಓಡ್ಬಂದು ಸ್ವಿಚ್ ಆಫ್ ಮಾಡಿದ್ರು. ಈ ಮೋಟ್ರು ತಣ್ಣಗಿರೋದೇ ಸುತ್ತ ಹರಿಯೋ ನೀರಿಂದ, ನೀರಿಲ್ದೆ ಓಡಿದ್ರೆ ಸುಟ್ಟೋಗುತ್ತೆ.

ಮಟ್ಟ ವಾಪಸ್ ಏರೋಕೆ ಎರಡು ಗಂಟೆ ಕಾದ್ವಿ. ಆಮೇಲೆ ನಿಮಿಷಕ್ಕೆ 200 ಮಿಲಿ, ಅಂದ್ರೆ ಒಂದು ಲೋಟ ತುಂಬೋಕೆ ಒಂದು ನಿಮಿಷ. ಟರ್ಬಿಡಿಟಿ 40, 18, 9, 8, 8 ಅಂತ ಇಳೀತು. ಟೇಪ್ ಬೀಪ್ ಮಾತ್ರ ಅಲ್ಲೇ, ಒಂದು ಗೇಣೂ ಇಳೀಲಿಲ್ಲ. ಹಳೇ ಲೆಕ್ಕದಲ್ಲಿ ಸ್ಯಾಂಪಲ್‌ಗೆ ಮೊದಲು ಪೈಪಲ್ಲಿ ನಿಂತಿರೋ ನೀರಿನ ಮೂರರಷ್ಟು, ಅಂದ್ರೆ ಸುಮಾರು 70 ಲೀಟರ್ ಹೊರಗೆ ಚೆಲ್ಲಬೇಕಿತ್ತು, ಅದು ತಪ್ತು.

ಆವಿಯಾಗೋ ರಾಸಾಯನಿಕದ ಪರೀಕ್ಷೆಗೆ 40 ಮಿಲಿ ಸೀಸೆ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ಬೆರಳಲ್ಲಿ ತಟ್ಟಿದ್ರೆ ಗುಂಡುಸೂಜಿ ತಲೆಯಷ್ಟು ಗುಳ್ಳೆ. ಗುಳ್ಳೆ ಇದ್ರೆ ಆ ರಾಸಾಯನಿಕ ಅದ್ರೊಳಗೆ ಸೇರ್ಕೊಳುತ್ತೆ, ಅದನ್ನ ಬಿಟ್ಟು ಬೇರೆ ಸೀಸೆ ತುಂಬಿಸ್ದೆ.

ಸಂಜೆ ಪಂಪ್ ಬಿಚ್ಚಿ ತೊಳೀವಾಗ ಇಂಪೆಲ್ಲರ್ (ನೀರು ತಳ್ಳೋ ಚಕ್ರ) ಸಂದಿಯಿಂದ ಒಂದು ಚಿಟಿಕೆ ಬೂದು ಹೂಳು ಬಂತು. ಸೀನಿಯರ್ ಅದನ್ನ ನನ್ನ ಅಂಗೈಗೆ ಉದುರಿಸಿ, "ಇನ್ನೊಂದು ಬಕೆಟ್ ನೀರು ತಾ" ಅಂದ್ರು.