ಅಂಚಿನ ಕಪ್ಪು ಗೆರೆ

"ಅಮೆರಿಕದಲ್ಲಿ ಎಂಥ ಕಾದಂಬರಿ ಬರಬೇಕು ಅಂತ ತೀರ್ಮಾನಿಸೋದು ಲೇಖಕರಾ, ಮಾರ್ಕೆಟ್ಟಾ?" ಅಲ್ಲಿನ ಪುಸ್ತಕಗಳ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ನಾನು ಕಪಾಟಿನಿಂದ ಒಂದು ಹಳೇ ಕಾದಂಬರಿ ತೆಗೆದು ತಲೆಕೆಳಗು ಮಾಡಿ ತೋರಿಸುತ್ತೇನೆ. ಹಾಳೆಗಳ ಅಂಚಿನ ಮೇಲೆ ಕಪ್ಪು ಮಾರ್ಕರ್ ಗೆರೆ. ಮಕ್ಕಳು ಗೀಚಿದ್ದಲ್ಲ. ಮಾರಾಟವಾಗದೆ ಉಳಿದು, ಅಗ್ಗದ ರಾಶಿಗೆ ಬಿದ್ದ ಪ್ರತಿ ಎಂಬ ಗುರುತು ಅದು. ಇದನ್ನೇ ಯಾರೂ ಮತ್ತೆ ಪ್ರಕಾಶಕರಿಗೆ ಕೊಟ್ಟು ಪೂರ್ತಿ ದುಡ್ಡು ಕೇಳಬಾರದಲ್ಲ!

ಹೌದು, ಅಲ್ಲಿ ಅಂಗಡಿಯವರು ಮಾರಾಟವಾಗದ ಪುಸ್ತಕವನ್ನು ವಾಪಸ್ ಕಳಿಸಬಹುದು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಂಗಡಿಗಳು ಹೆದರಿ ಪುಸ್ತಕ ತರಿಸೋದನ್ನೇ ನಿಲ್ಲಿಸಬಾರದು ಅಂತ ಶುರುವಾದ ಪದ್ಧತಿ. ಇನ್ನೂ ಹೋಗಿಲ್ಲ. ಅಗ್ಗದ ಪುಟ್ಟ ಪೇಪರ್‌ಬ್ಯಾಕ್‌ಗಳದ್ದು ಇನ್ನೂ ವಿಚಿತ್ರ: ಮುಖಪುಟ ಹರಿದು ಅದನ್ನಷ್ಟೇ ಕಳಿಸಿದರೆ ಸಾಕು, ಉಳಿದದ್ದು ರದ್ದಿ. ನನಗಂತೂ ಇದನ್ನು ಕೇಳಿದಾಗ ಹೊಟ್ಟೆ ಉರಿದಿತ್ತು.

ಹೀಗೆ ನಷ್ಟವೆಲ್ಲ ಪ್ರಕಾಶಕರ ತಲೆಗೆ. ಅವರು ಹುಷಾರಾಗದೆ ಏನು ಮಾಡುತ್ತಾರೆ? 2001ರಲ್ಲಿ ಬುಕ್‌ಸ್ಕ್ಯಾನ್ ಅನ್ನೋ ಪುಸ್ತಕ ಮಾರಾಟದ ಲೆಕ್ಕ ಇಡುವ ಸೇವೆ ಅಲ್ಲಿಗೆ ಬಂದ ಮೇಲೆ, ಯಾವ ಲೇಖಕರ ಎಷ್ಟು ಪ್ರತಿ ಕೌಂಟರಿನಲ್ಲಿ ಖರ್ಚಾಯಿತು ಅಂತ ಯಾವ ಸಂಪಾದಕರು ಬೇಕಾದರೂ ನೋಡಬಹುದು. ಎರಡು ಕಾದಂಬರಿ ಸುಮಾರಾಗಿ ಮಾರಾಟವಾದವರಿಗೆ ಆ ಅಂಕಿ ಬೆನ್ನು ಬಿಡದ ಬೇತಾಳ. ಹೊಸಬರಿಗೆ ಹಳೇ ಲೆಕ್ಕವೇ ಇಲ್ಲ, ಹಾಗಾಗಿ ಅವರ ಮೇಲೆ ಆಸೆ ಜಾಸ್ತಿ. ಮೊದಲ ಕಾದಂಬರಿಗೆ ದೊಡ್ಡ ಮುಂಗಡ ಪಡೆದು, ಮೂರನೆಯದರ ಹೊತ್ತಿಗೆ ಕಾಣೆಯಾಗುವವರು ಅಲ್ಲಿ ಬೇಕಾದಷ್ಟು ಜನ.

ಹೊಸಬರಿಗೂ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಇದು ಈಚೆಗೆ ಚೆನ್ನಾಗಿ ಹೋದ ಯಾವ ಪುಸ್ತಕದ ಥರ ಇದೆ?" ಯಾವುದರ ಥರವೂ ಇಲ್ಲದಿದ್ದರೆ ಕಷ್ಟ.

ಪಾಲ್ ಹಾರ್ಡಿಂಗ್ ಅವರ 'ಟಿಂಕರ್ಸ್' ಹಾಗಿತ್ತು. ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕ ಸಾವಿನ ಹಾಸಿಗೆಯಲ್ಲಿ ಮಲಗಿದ್ದಾನೆ, ಅಷ್ಟೇ ಕಥೆ. ಯಾರಿಗೂ ಬೇಡವಾಗಿ ಹಸ್ತಪ್ರತಿ ಕೆಲವು ವರ್ಷ ಡ್ರಾಯರಿನಲ್ಲೇ ಇತ್ತು. ಕೊನೆಗೆ 2009ರಲ್ಲಿ ಅಚ್ಚು ಹಾಕಿದ್ದು ಬೆಲ್‌ವ್ಯೂ ಲಿಟರರಿ ಪ್ರೆಸ್. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಹುಟ್ಟಿದ, ಲಾಭದ ಹಂಗಿಲ್ಲದ ಪುಟ್ಟ ಸಂಸ್ಥೆ. 2010ರಲ್ಲಿ 'ಟಿಂಕರ್ಸ್'ಗೆ ಪುಲಿಟ್ಜರ್ ಪ್ರಶಸ್ತಿ ಬಂತು.

ಹಾರ್ಡಿಂಗ್ ಅವರ ಮುಂದಿನ ಕಾದಂಬರಿ ಬಂದದ್ದು ದೈತ್ಯ ಪ್ರಕಾಶಕರಾದ ರಾಂಡಮ್ ಹೌಸ್‌ನಿಂದ.