ಮೇರಿಯಮ್ಮನ ಜಾತ್ರೆಯಿಂದ ಮಿನ್ನೆಸೋಟದವರೆಗೆ

"ವಿದೇಶದಲ್ಲಿ ಓದಿದ ಹಳೆಯ ವಿದ್ಯಾರ್ಥಿನಿ ನೀವು, ನಾಲ್ಕು ಪುಟ ಬರೆದುಕೊಡಿ ಮೇಡಂ, ಮಕ್ಕಳಿಗೆ ಸ್ಫೂರ್ತಿ ಸಿಗುತ್ತೆ" ಎಂದು ನಾನು ಓದಿದ ಬೆಂಗಳೂರಿನ ಕಾಲೇಜಿನ ಸಂಚಿಕೆಯ ಸಂಪಾದಕರು ಫೋನ್ ಮಾಡಿದರು. ಸ್ಫೂರ್ತಿ ಕೊಡೋದು ನನ್ನ ಕೈಲಾಗುವ ಕೆಲಸ ಅಲ್ಲ. ಚಳಿ, ಚಪಾತಿ, ಒಂದಿಷ್ಟು ಮುಜುಗರ, ಇಷ್ಟರ ಬಗ್ಗೆ ಆದರೆ ಬರೆಯುತ್ತೇನೆ ಎಂದೆ. "ಅದೇ ಬರೀರಿ" ಎಂದರು.

2014ರಲ್ಲಿ ನಾನು ಇಲ್ಲಿ ಎರಡನೇ ಪಿಯುಸಿ ಮುಗಿಸಿದೆ. ಸಿಇಟಿ ರ‍್ಯಾಂಕ್ ನಾಲ್ಕು ಜನರ ಮುಂದೆ ಹೇಳುವ ಹಾಗಿರಲಿಲ್ಲ. ಅದೃಷ್ಟಕ್ಕೆ, ಅಷ್ಟರೊಳಗೇ ಲೈಬ್ರರಿ ಕಂಪ್ಯೂಟರ್ ಮುಂದೆ ಕೂತು, ಅಪ್ಪನಿಗೆ ಮಾತ್ರ ಹೇಳಿ, ಅಮೆರಿಕದ ಐದಾರು ಕಾಲೇಜಿಗೆ ಅರ್ಜಿ ಹಾಕಿದ್ದೆ. ಮಿನ್ನೆಸೋಟ ರಾಜ್ಯದ ನಾರ್ತ್‌ಫೀಲ್ಡ್ ಎಂಬ ಊರಿನ ಸೇಂಟ್ ಓಲಾಫ್ ಕಾಲೇಜಿನವರು ಎಲ್ಲರಿಗಿಂತ ಜಾಸ್ತಿ ಸ್ಕಾಲರ್‌ಶಿಪ್ ಕೊಟ್ಟರು. ಅಲ್ಲಿಗೇ ಯಾಕೆ ಹೋದೆ ಅಂದರೆ ಕಾರಣ ಅಷ್ಟೇ.

ಹೆಸರಿನಲ್ಲಿ 'ಸೇಂಟ್' ಇದ್ದದ್ದು ಮನೆಯಲ್ಲಿ ರಾದ್ಧಾಂತವಾಯಿತು. ಮಾಗಡಿ ರಸ್ತೆಯ ನಮ್ಮ ಮನೆಗೆ ಸೋದರಮಾವ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. "ಇಲ್ಲಿ ಸೇಂಟ್ ಅಂದ್ರೆ ಇಂಗ್ಲಿಷ್ ಚೆನ್ನಾಗಿ ಕಲಿಸ್ತಾರೆ ಅಂತ. ಅಲ್ಲಿ ಸೇಂಟ್ ಅಂದ್ರೆ ತಲೆ ಮೇಲೆ ನೀರು ಹಾಕಿ ಕ್ರಿಶ್ಚಿಯನ್ ಮಾಡ್ತಾರೆ ಅಂತ. ಗೊತ್ತಿರ್ಲಿ!" ಅಪ್ಪ ಸುಮ್ಮನಿದ್ದರು. ಅಮ್ಮ ಅಳಲು ತಯಾರಾಗಿದ್ದಳು. ಮೂಲೆಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿ ತಲೆ ಎತ್ತದೆ ಹೇಳಿದಳು: "ಮೇರಿಯಮ್ಮನ ಜಾತ್ರೆಗೆ ನಿನ್ನ ಎಷ್ಟು ಸಲ ಕಂಕುಳಲ್ಲಿ ಎತ್ಕೊಂಡು ಹೋಗಿಲ್ಲ? ನಿನಗೇನಾಯ್ತು? ಹಂಗೇ ಇದೀಯಲ್ಲ, ಬುದ್ಧಿ ಬರದೆ."

ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ಕ್ಕೆ ತೇರು. ಸೀರೆ ಉಟ್ಟ ಮಾತೆ. ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನರ ಹಣೆಯಲ್ಲಿ ಕುಂಕುಮ, ವಿಭೂತಿ. ನಮ್ಮಜ್ಜಿ ಸಿದ್ಧಗಂಗೆಗೆ ಹೋದಷ್ಟೇ ಸಲೀಸಾಗಿ ಅಲ್ಲಿಗೂ ಹೋಗಿ ಮೇಣದ ಬತ್ತಿ ಹಚ್ಚಿ ಬರುತ್ತಿದ್ದಳು. ಮಾವ ಕಾಫಿ ಕುಡಿದು ಹೊರಟ.

ಆಗ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಇರಲಿಲ್ಲ. ಅದರ ಉದ್ಘಾಟನೆ ಆದದ್ದೇ 2025ರ ಜನವರಿಯಲ್ಲಿ. ವೀಸಾಗೆ ಚೆನ್ನೈಗೆ ಹೋಗಬೇಕಿತ್ತು. ಒಂದು ದಿನ ಬೆರಳಚ್ಚು, ಮರುದಿನ ಜೆಮಿನಿ ಫ್ಲೈಓವರ್ ಪಕ್ಕದಲ್ಲಿ ಸಂದರ್ಶನ. ವೀಸಾಗೆ 160 ಡಾಲರ್, ಸೆವಿಸ್ ಎಂಬ ಇನ್ನೊಂದು ಶುಲ್ಕ 200 ಡಾಲರ್. ಡಾಲರಿಗೆ 60 ರೂಪಾಯಿ ಆಸುಪಾಸು ಇದ್ದ ಕಾಲ. ಅಪ್ಪ ರೈಲಿನಲ್ಲಿ ಕೂತು ಲಗ್ನಪತ್ರಿಕೆಯ ಹಿಂದೆ ಗುಣಿಸಿ, ಮಡಚಿ ಜೇಬಿಗಿಟ್ಟುಕೊಂಡರು. ನಮ್ಮದು ಪ್ರಿಂಟಿಂಗ್ ಪ್ರೆಸ್, ಲಗ್ನಪತ್ರಿಕೆಗೆ ಬರ ಇರಲಿಲ್ಲ. ಸಂದರ್ಶನ ಮೂರು ನಿಮಿಷದಲ್ಲಿ ಮುಗಿಯಿತು.

ಸೇಂಟ್ ಓಲಾಫ್ ಒಂದು ಗುಡ್ಡದ ಮೇಲಿದೆ. ನಾರ್ವೆಯಿಂದ ವಲಸೆ ಬಂದ, ಲೂಥರನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ರೈತಾಪಿ ಜನ 1874ರಲ್ಲಿ ಶುರು ಮಾಡಿದ್ದು. ಅದೇ ಊರಿನಲ್ಲಿ ನದಿಯಾಚೆ ಕಾರ್ಲ್‌ಟನ್ ಅಂತ ಇನ್ನೊಂದು ಕಾಲೇಜು. 'ಹಸು, ಕಾಲೇಜು, ನೆಮ್ಮದಿ' ಅನ್ನೋದು ಆ ಊರಿನ ಘೋಷವಾಕ್ಯ. ಗಾಳಿ ಈ ಕಡೆ ತಿರುಗಿದರೆ ಬೆಳಗಿನ ತಿಂಡಿಯ ಸೀರಿಯಲ್ ಮಾಡುವ ಫ್ಯಾಕ್ಟರಿಯಿಂದ ಗೋಧಿ ಹುರಿದ ವಾಸನೆ. ಜನವರಿಯಲ್ಲಿ ಮೈನಸ್ 25 ಡಿಗ್ರಿಗೆ ಇಳಿದರೆ ಹೊರಗೆ ಕಾಲಿಟ್ಟ ಕೂಡಲೇ ಮೂಗಿನೊಳಗಿನ ಕೂದಲು ಕಡ್ಡಿಯ ಹಾಗೆ ಸೆಟೆದುಕೊಳ್ಳುತ್ತದೆ. ಇದನ್ನು ಯಾವ ಬ್ರೋಷರ್‌ನಲ್ಲೂ ಹಾಕಿರಲಿಲ್ಲ.

ಮಾವ ಹೆದರಿದ ನೀರು ಯಾರೂ ಹಾಕಲಿಲ್ಲ. ದಿನಾ ಬೆಳಗ್ಗೆ ಇಪ್ಪತ್ತು ನಿಮಿಷ ಚಾಪೆಲ್, ಅಂದರೆ ಪ್ರಾರ್ಥನೆ. ಆ ಹೊತ್ತಿನಲ್ಲಿ ಯಾವ ಕ್ಲಾಸೂ ಇರುವುದಿಲ್ಲ, ಆದರೆ ಹೋಗಲೇಬೇಕೆಂದೂ ಇಲ್ಲ. ಒಳಗೆ ಬೆಚ್ಚಗಿರುತ್ತದೆ ಅಂತಲೇ ನಾನು ಕೆಲವು ಸಲ ಹೋದೆ. ಒಮ್ಮೆ ಎಲ್ಲರೂ ಪ್ರಾರ್ಥನೆ ಹೇಳುವಾಗ ನನ್ನ ಬಾಯಿ ತಾನಾಗಿಯೇ ಪೂರ್ತಿ ಹೇಳಿಬಿಟ್ಟಿತು. ಯುಕೆಜಿಯಿಂದ ಕಾನ್ವೆಂಟಿನ ಅಸೆಂಬ್ಲಿಯಲ್ಲಿ ನಿಂತ ಬಾಯಿ ಅದು. ಪಕ್ಕದಲ್ಲಿದ್ದ ರೂಂಮೇಟ್‌ಗೆ ಅರ್ಧವೂ ಬರುತ್ತಿರಲಿಲ್ಲ. "ನೀನು ಕ್ರಿಶ್ಚಿಯನ್ನಾ?" ಅಂದಳು. ಅಲ್ಲ, ಬೆಂಗಳೂರು ಅಂದೆ.

ಕಡ್ಡಾಯ ಇದ್ದದ್ದು ಧರ್ಮದ ಎರಡು ಕೋರ್ಸುಗಳು. ಮೊದಲನೆಯದು ಬೈಬಲ್. ನಮ್ಮ ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳು ಕ್ಯಾಟಕಿಸಂಗೆ (ಅವರ ಧರ್ಮಪಾಠಕ್ಕೆ) ಹೋದರೆ ನಾವು ಉಳಿದವರು ಮಾರಲ್ ಸೈನ್ಸ್‌ಗೆ ಕೂರುತ್ತಿದ್ದೆವು. ಇದೂ ಹಾಗೇ, ಸುಳ್ಳು ಹೇಳಬಾರದು ಅಂತ ಬರೆದರೆ ಪಾಸು ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಈ ಭಾಗ ಯಾವಾಗ ಬರೆದದ್ದು, ಯಾರಿಗಾಗಿ, ಎರಡು ಕಡೆ ಎರಡು ಥರ ಯಾಕಿದೆ ಅಂತ ಪ್ರೊಫೆಸರ್ ಒಂದೊಂದೇ ಸಾಲು ಹಿಡಿದು ಕೆದಕುತ್ತಿದ್ದರು. ಚರ್ಚಿನಲ್ಲೇ ಬೆಳೆದ ಹುಡುಗಿಯೊಬ್ಬಳು ಕ್ಲಾಸು ಮುಗಿದ ಮೇಲೆ ಕಾರಿಡಾರಿನಲ್ಲಿ ನಿಂತು ಅತ್ತಳು. ನನಗೇನೂ ಆಗಲಿಲ್ಲ. ನನ್ನ ಮನೆ ದೇವರನ್ನು ಯಾರಾದರೂ ಹೀಗೆ ಬಿಚ್ಚಿ ಮೇಜಿನ ಮೇಲಿಟ್ಟಿದ್ದರೆ ಏನಾಗುತ್ತಿತ್ತೋ, ಗೊತ್ತಿಲ್ಲ.

ಈಗ ಅರ್ಜಿ ಹಾಕುವ ಮಕ್ಕಳ ಅಪ್ಪ ಅಮ್ಮ ನನಗೆ ಫೋನ್ ಮಾಡಿ ಮಾವನ ಪ್ರಶ್ನೆಯನ್ನೇ ಸ್ವಲ್ಪ ನಯವಾಗಿ ಕೇಳುತ್ತಾರೆ. ಕ್ರಿಶ್ಚಿಯನ್ ಕಾಲೇಜು ಅಂತ ಒಂದೇ ಜಾತಿ ಇಲ್ಲ ಎಂದು ಹೇಳುತ್ತೇನೆ. ಇಲಿನಾಯ್‌ನ ವೀಟನ್ ಕಾಲೇಜಿನಲ್ಲಿ ಪ್ರವೇಶಕ್ಕೇ ಕ್ರಿಸ್ತನಲ್ಲಿ ನಂಬಿಕೆ ಕೇಳುತ್ತಾರೆ, ನಡವಳಿಕೆಯ ಕರಾರಿಗೆ ಸಹಿ ಹಾಕಿಸಿಕೊಳ್ಳುತ್ತಾರೆ, ಚಾಪೆಲ್ ಹಾಜರಿ ಕಡ್ಡಾಯ. ನೋಟರ್ ಡೇಮ್ ಕ್ಯಾಥೊಲಿಕ್, ಅಲ್ಲಿ ಹಾಸ್ಟೆಲ್‌ಗಳು ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ರಾತ್ರಿ ಇಷ್ಟು ಹೊತ್ತಿನ ಮೇಲೆ ಒಬ್ಬರ ಹಾಸ್ಟೆಲಿನಲ್ಲಿ ಇನ್ನೊಬ್ಬರು ಇರುವ ಹಾಗಿಲ್ಲ. ನಮ್ಮ ಪಿಜಿ ಆಂಟಿಯರು ಕೇಳಿದರೆ ಖುಷಿಪಡುತ್ತಾರೆ. ಇನ್ನು ಜಾರ್ಜ್‌ಟೌನ್ ಜೆಸ್ವಿಟರೆಂಬ ಕ್ಯಾಥೊಲಿಕ್ ಪಾದ್ರಿಗಳ ಸಂಘದ್ದು. ಅವರು 2016ರಲ್ಲಿ ಹಿಂದೂ ವಿದ್ಯಾರ್ಥಿಗಳಿಗೆಂದೇ ಪೂರ್ಣಾವಧಿ ಗುರುಗಳನ್ನು ನೇಮಿಸಿದರು. ಸಹಿ ಹಾಕುವ ಮೊದಲು ಓದಿಕೊಳ್ಳಿ, ಓದಿ ಒಪ್ಪಿಗೆಯಾದರೆ ಹೋಗಿ, ಅಷ್ಟೇ.

ನನಗೆ ಕಷ್ಟವಾದದ್ದು ದೇವರಿಂದಲ್ಲ, ರಜೆಯಿಂದ.

ನವೆಂಬರಿನ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್. ಎಲ್ಲರೂ ಹಬ್ಬಕ್ಕೆ ಮನೆಗೆ ಹೋಗಿ ಎರಡೇ ದಿನದಲ್ಲಿ ಕ್ಯಾಂಪಸ್ ಖಾಲಿ. ನಾನು ಊಟದ ಹಾಲ್‌ನಲ್ಲಿ ಪಾತ್ರೆ ತೊಳೆಯುವ ಕೆಲಸ ಮಾಡುತ್ತಿದ್ದೆ. ವಿದ್ಯಾರ್ಥಿ ವೀಸಾದವರು ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ನನ್ನದು ಅದರ ಅರ್ಧ. ಆ ಕೆಲಸವೂ ನಿಂತಿತು. ಮೆಟ್ಟಿಲ ಮೇಲೆ ಕೂತು, ಸೂಟ್‌ಕೇಸ್ ಎಳೆದುಕೊಂಡು ಹೋಗುವವರನ್ನು ನೋಡುತ್ತಿದ್ದೆ. ಒಬ್ಬ ಹುಡುಗ "ಹಬ್ಬಕ್ಕೆ ಏನ್ ಮಾಡ್ತೀಯ?" ಅಂದ. ನಾನು ಉತ್ತರ ಹೇಳುವಷ್ಟರಲ್ಲಿ ಅವನ ಕಾರು ಬಂತು.

ಆಗ ನೆನಪಾದದ್ದು ಬೆಂಗಳೂರಿನ ನಮ್ಮ ಕಾಲೇಜಿನ ಕ್ಯಾಂಟೀನಿನ ಎದುರಿನ ಮಳೆಮರ. ಅದರ ಕಟ್ಟೆಯ ಮೇಲೆ ಡಿಗ್ರಿ ಕಾಲೇಜಿನ ಸುಡಾನ್, ಇರಾನ್, ತಾಂಜಾನಿಯಾದವರು ಕೂರುತ್ತಿದ್ದರು. ಅವರ ದೇಶಗಳ ಹೆಸರೂ ನನಗೆ ಆಮೇಲೆ ಗೊತ್ತಾದದ್ದು. ಆಗ ಇರಾನಿನವರನ್ನು ಬಿಟ್ಟು ಎಲ್ಲರೂ ನಮಗೆ 'ಆಫ್ರಿಕಾದವರು'. ದಸರಾ ರಜೆಗೆ ಮುಂಚಿನ ದಿನ ಒಬ್ಬರು "ನಾಳೆ ಯಾಕೆ ರಜೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ್ದರು. "ಹಬ್ಬ" ಅಂದವಳೇ ಬಸ್ಸಿಗೆ ಓಡಿದ್ದೆ. ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಅದು ಚೆನ್ನಾಗಿ ನೆನಪಿದೆ.

ಕಾಲೇಜಿನ ವಿದೇಶಿ ವಿದ್ಯಾರ್ಥಿ ವಿಭಾಗದವರು ಊರಿನ ಒಂದು ಮನೆಗೆ ನನ್ನನ್ನು ಒಪ್ಪಿಸಿದರು. ಗಂಡ ಹೆಂಡತಿ ಇಬ್ಬರಿಗೂ ಎಪ್ಪತ್ತು ದಾಟಿತ್ತು. ಟರ್ಕಿ ಕೋಳಿ ನಾನು ತಿನ್ನುವುದಿಲ್ಲ ಎಂದಾಗ ಆ ಅಜ್ಜಿ ಹೆಚ್ಚು ಮಾತಾಡದೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಅಲ್ಲಿ ಲೆಫ್ಸೆ ನಡೆಯುತ್ತಿತ್ತು. ಬೇಯಿಸಿದ ಆಲೂಗಡ್ಡೆಯನ್ನು ಗಂಟಿಲ್ಲದಂತೆ ಹಿಸುಕಿ, ಬೆಣ್ಣೆ ಕೆನೆ ಸೇರಿಸಿ, ತಣಿದ ಮೇಲೆ ಮೈದಾ ಹಾಕಿ ಕಲಸಿದ ಉಂಡೆ. ಮಣೆಗೆ ಬಟ್ಟೆ ಹೊದಿಸಿರುತ್ತಾರೆ. ಲಟ್ಟಣಿಗೆಯ ಮೈತುಂಬ ಗೀರು. ಲಟ್ಟಿಸಿದ್ದನ್ನು ಮೊಳದುದ್ದದ ಚಪ್ಪಟೆ ಕೋಲಿನಿಂದ ಎತ್ತಿ ದೊಡ್ಡ ಕಾವಲಿಯ ಮೇಲೆ ಹಾಸಬೇಕು.

"ನಮ್ಮನೇಲಿ ದಿನಾ ಚಪಾತಿ ಮಾಡ್ತೀವಿ, ಕೊಡಿ" ಅಂದೆ. 'ಮಾಡ್ತೀವಿ' ಅಂದರೆ ಅಮ್ಮ ಮಾಡುತ್ತಾಳೆ ಅಂತ. ನನ್ನ ಚಪಾತಿಗೆ ಮನೆಯಲ್ಲಿ ಭೂಪಟ ಅಂತ ಹೆಸರಿದೆ. ಮೊದಲ ಲೆಫ್ಸೆ ಬಟ್ಟೆಗೇ ಅಂಟಿಕೊಂಡಿತು. ಎರಡನೆಯದು ಕೋಲಿನ ಮೇಲೆ ಎರಡಾಯಿತು. ಅಜ್ಜಿ ನಗಲಿಲ್ಲ. ಹರಿದದ್ದನ್ನೇ ಕಾವಲಿಯ ಮೇಲೆ ಜೋಡಿಸಿ, ಕಂದು ಚುಕ್ಕೆ ಬಂದ ಮೇಲೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ ಕೈಗಿಟ್ಟರು. ಬಾಯಿಗೆ ಹಾಕಿದರೆ ಸ್ಕೂಲಿಂದ ಬಂದ ಮೇಲೆ ನಮ್ಮಜ್ಜಿ ತುಪ್ಪ ಸಕ್ಕರೆ ಹಾಕಿ ಸುತ್ತಿಕೊಡುತ್ತಿದ್ದ ಚಪಾತಿ. ಸ್ವಲ್ಪ ಮೆತ್ತಗೆ, ಅಷ್ಟೇ ವ್ಯತ್ಯಾಸ. ಮುಖ ಪಾತ್ರೆ ತೊಳೆಯುವ ಕಡೆ ತಿರುಗಿಸಿಕೊಂಡು ತಿಂದೆ.

ನಾಲ್ಕು ವರ್ಷವೂ ಆ ಮನೆಗೆ ಹೋದೆ. ಡಿಸೆಂಬರಿನ ಕ್ರಿಸ್‌ಮಸ್ ಗಾಯನೋತ್ಸವ 1912ರಿಂದ ನಡೆದು ಬಂದದ್ದು. ಅದಕ್ಕೆ ಅವರದೇ ಹಳೆಯ ನಾರ್ವೆ ಸ್ವೆಟರ್ ಹಾಕಿಸಿ ಕಳಿಸಿದರು. ಅಂದು ಊಟಕ್ಕೆ ಲೂಟೆಫಿಸ್ಕ್, ಕ್ಷಾರದಲ್ಲಿ ನೆನೆಸಿದ ಒಣಮೀನು. ಸಸ್ಯಾಹಾರಿಯಾಗಿ ಹುಟ್ಟಿಸಿದ ದೇವರಿಗೆ ಆ ವಾಸನೆ ಬಂದಾಗಲೆಲ್ಲ ಕೈಮುಗಿದಿದ್ದೇನೆ.

ಹೋದ ವರ್ಷ ಯುಗಾದಿಗೆ ಎರಡು ದಿನ ಮುಂಚೆ ಹಳೆಯ ವಿದ್ಯಾರ್ಥಿಗಳ ಸಭೆಗೆ ಇಲ್ಲಿಗೆ ಬಂದಿದ್ದೆ. ಮಳೆಮರ ಇದೆ, ಕಟ್ಟೆಗೆ ಟೈಲ್ಸ್ ಹಾಕಿಸಿದ್ದಾರೆ (ಯಾಕೋ ಗೊತ್ತಿಲ್ಲ, ಕೂತರೆ ಜಾರುತ್ತದೆ). ತಾಂಜಾನಿಯಾದ ಇಬ್ಬರು ಹುಡುಗಿಯರು ಕೂತಿದ್ದರು. ಹಬ್ಬಕ್ಕೆ ಏನು ಮಾಡುತ್ತೀರಿ ಎಂದು ಕೇಳಿದೆ. ಮುಖ ಮುಖ ನೋಡಿಕೊಂಡರು. ಅಪರಿಚಿತ ಹೆಂಗಸು ಮನೆಗೆ ಕರೆದರೆ ಯಾರು ತಾನೇ ನಂಬುತ್ತಾರೆ? ವಾರ್ಡನ್ ಮೇಡಂ ಹತ್ತಿರ ಹೇಳಿಸಬೇಕಾಯಿತು.

ಬಂದರು. ಅಮ್ಮ ಒಬ್ಬಟ್ಟು ತಟ್ಟುತ್ತಿದ್ದಳು. ಒಬ್ಬಳು ಸ್ವಲ್ಪ ಹೊತ್ತು ನೋಡಿ, "ನಮ್ಮನೇಲೂ ಚಪಾತಿ ಮಾಡ್ತೀವಿ, ನಾನೊಂದು ನೋಡ್ಲಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿ, ಹರಿದರೆ ಜೋಡಿಸೋಣ ಅಂತ ತುಪ್ಪದ ಬಟ್ಟಲು ಹಿಡಿದು ಪಕ್ಕಕ್ಕೆ ನಿಂತೆ. ಅವಳು ಕಣಕದಲ್ಲಿ ಹೂರಣ ತುಂಬಿ, ಬಾಯಿ ಮುಚ್ಚಿ, ಬಾಳೆಲೆಯ ಮೇಲೆ ಬೆರಳಾಡಿಸಿದಳು. ಎಲ್ಲೂ ಹೂರಣ ಹೊರಗೆ ಬರಲಿಲ್ಲ. ರೂಪಾಯಿ ನಾಣ್ಯದ ಹಾಗೆ ದುಂಡಗೆ.

ಅಮ್ಮ ಕಾವಲಿಯ ಮೇಲೆ ಹಾಕಿ, ನನ್ನ ಕಡೆ ತಿರುಗಿ, "ನೋಡಿ ಕಲಿ" ಅಂದಳು.