ಕಾಲು, ಬೆನ್ನು, ಕೈ

ನಮ್ಮ ಅಜ್ಜಯ್ಯ ಗಂಗೊಳ್ಳಿಯಲ್ಲಿ ದೋಣಿ ನಡೆಸುತ್ತಿದ್ದವರು. ನನ್ನ ರೋಯಿಂಗ್ ವಿಡಿಯೋ ಮೊದಲ ಸಲ ನೋಡಿದಾಗ ಫೋನನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು: "ಎಂತ ಹೆಣೆ, ಹಿಂದ್ ಮುಖ ಮಾಡಿ ಕೂಕಂಡ್ ಹೋಪುದಾ?"

ಹೌದು, ಹಾಗೇ ಹೋಗೋದು. ಹುಟ್ಟು ಹಾಕುವ ಈ ದೋಣಿ ಪಂದ್ಯದಲ್ಲಿ 2000 ಮೀಟರ್ ಪೂರ್ತಿ, ಬೆನ್ನು ಗುರಿಯ ಕಡೆಗೆ.

2016ರಲ್ಲಿ ನಾನು ಪುಣೆ ಪಕ್ಕದ ಪಿಂಪ್ರಿಯಲ್ಲಿ ಒಂಬತ್ತನೇ ಕ್ಲಾಸು. ಎತ್ತರ ಐದಡಿ ಒಂಬತ್ತು ಇಂಚು. ಕ್ಲಾಸಲ್ಲಿ ಬಗ್ಗಿ ಕೂರುತ್ತಿದ್ದೆ. ಪಿಟಿ ಸರ್ ನನ್ನ ಎತ್ತರ ನೋಡಿಯೇ ನದಿಗೆ ಕಳಿಸಿದರು. ಆ ಆಗಸ್ಟಿನಲ್ಲೇ ರಿಯೋ ಒಲಿಂಪಿಕ್ಸ್. ನಾಸಿಕ್ ಜಿಲ್ಲೆಯ ದತ್ತು ಭೋಕನಲ್ ಸಿಂಗಲ್ ಸ್ಕಲ್ಸಿನಲ್ಲಿ, ಅಂದರೆ ಒಬ್ಬರೇ ಎರಡು ಹುಟ್ಟು ಹಾಕುವ ಪಂದ್ಯದಲ್ಲಿ, 13ನೆಯವರಾದರು. ಅಪ್ಪನ ಜೊತೆ ಬಾವಿ ತೋಡುತ್ತಿದ್ದ ಹುಡುಗ, 2012ರಲ್ಲಿ ಸೈನ್ಯ ಸೇರಿದ ಮೇಲೆ ರೋಯಿಂಗ್ ಕಲಿತವರು. ಅಪ್ಪಯ್ಯ ಹೋಟೆಲಿನಲ್ಲಿ ದೋಸೆ ಕಾವಲಿ ಮುಂದೆ ನಿಂತೇ ಅವರ ಸುದ್ದಿ ಓದಿ, ಪೇಪರ್ ಕತ್ತರಿಸಿ ಮನೆಗೆ ತಂದರು. ಎಣ್ಣೆ ಕಲೆಯ ಆ ತುಂಡು ಈಗಲೂ ನನ್ನ ಕಪಾಟಿನ ಬಾಗಿಲಲ್ಲಿದೆ.

ಮೊದಲ ವರ್ಷ ಕೈಯಲ್ಲೇ ಎಳೆದೆ. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ, ಹುಟ್ಟು ಹಾಕೋದು ತೋಳಿನ ಕೆಲಸ ಅಂತ. ಅಂಗೈ ಗುಳ್ಳೆ ಒಡೆದು, ಊಟಕ್ಕೆ ಕೂತರೆ ಸಾರು ತಾಗಿ ಉರಿಯುತ್ತಿತ್ತು. ಕೋಚ್ ಸರ್ ದಡದ ಮೇಲೆ ಸೈಕಲ್ ತುಳಿಯುತ್ತಾ ಮರಾಠಿಯಲ್ಲಿ ಕೂಗುತ್ತಿದ್ದರು: "ಪಾಯ್, ಪಾಠ್, ಹಾತ್!" ಶೂ ದೋಣಿಗೇ ಬಿಗಿದಿರುತ್ತೆ, ಸೀಟಿಗೆ ಚಕ್ರ ಇರುತ್ತೆ. ಮೊದಲು ಕಾಲಲ್ಲಿ ಒದೆಯಬೇಕು, ಆಮೇಲೆ ಬೆನ್ನು, ಕೊನೆಗೆ ಕೈ. ವಾಪಸ್ ಬರುವಾಗ ಉಲ್ಟಾ: ಕೈ, ಬೆನ್ನು, ಕಾಲು. ನಾನು ಮನಸ್ಸಲ್ಲಿ ಕನ್ನಡದಲ್ಲೇ ಎಣಿಸುತ್ತಿದ್ದೆ. ಒಂದು ಬೆಳಿಗ್ಗೆ ಅದು ಸರಿಯಾಗಿ ಕೂತಿತು. ದೋಣಿಯ ಕೆಳಗೆ ನೀರು ಗುಳುಗುಳು ಅಂದಿತು. ಆ ಸದ್ದು ಕೇಳಿದ ಮೇಲೆ ಬೇರೆ ಆಟ ಬೇಕು ಅನಿಸಲೇ ಇಲ್ಲ.

ಬೇಸಿಗೆಯಲ್ಲಿ ಮುಳಾ ನದಿ ತುಂಬ ಜಲಪರ್ಣಿ ಅನ್ನುವ ತೇಲುವ ಕಳೆ. ಹುಟ್ಟು ಇಟ್ಟಲ್ಲೆಲ್ಲ ಬೇರು ಸುತ್ತಿಕೊಳ್ಳುತ್ತೆ. ಆಗ ನಮಗೆ ಎರ್ಗೋ ಮೆಷಿನ್ನೇ ನದಿ, ಅಂದರೆ ನೆಲದ ಮೇಲೆ ಕೂತು ಹುಟ್ಟು ಹಾಕಿದ ಹಾಗೆ ಎಳೆಯುವ ಯಂತ್ರ. ಶಾಲೆ, ಕಾಲೇಜು, ರಾಜ್ಯ ತಂಡ, ಎಲ್ಲ ಕಡೆ ಮೊದಲು ಕೇಳೋದು ಅದರ ಮೇಲಿನ 2000 ಮೀಟರ್ ಟೈಮು. ನನ್ನದು 7 ನಿಮಿಷ 36 ಸೆಕೆಂಡ್. ಅದನ್ನು 7:20ಕ್ಕೆ ಇಳಿಸಲು ಮೂರು ವರ್ಷ ಬೇಕಾಯಿತು. ನಡುವೆ ಪಕ್ಕೆಲುಬಿನಲ್ಲಿ ಸಣ್ಣ ಬಿರುಕು, ರೋಯಿಂಗ್ ಮಾಡುವವರಿಗೆ ಬರುವಂಥದ್ದೇ. ಮೊದಲು ತೋರಿಸಿದ ಡಾಕ್ಟರು ಬರೀ ಸ್ನಾಯು ನೋವು ಅಂದರು. ಆ ಮಾತು ನಂಬಿ ಹುಟ್ಟು ಹಾಕಿದೆ, ಇನ್ನೂ ಜಾಸ್ತಿಯಾಯಿತು. ಆ ಸೀಸನ್ ಪೂರ್ತಿ ಹೋಯಿತು. ಸೀನಿದರೂ ಅಳು ಬರುತ್ತಿತ್ತು.

ನ್ಯಾಷನಲ್ ಕ್ಯಾಂಪಿನಲ್ಲಿ ಕ್ವಾಡ್ ದೋಣಿಗೆ ನಾಲ್ಕು ಸೀಟು, ನಾವು ಎಂಟು ಜನ. ಎರಡು ದೋಣಿ ಪಕ್ಕಪಕ್ಕ ಓಡಿಸುತ್ತಾರೆ. ನಿಲ್ಲಿಸಿ, ಇಬ್ಬರನ್ನು ಮಾತ್ರ ಅದಲು ಬದಲು ಮಾಡಿ ಮತ್ತೆ ಓಡಿಸುತ್ತಾರೆ. ಎರಡು ದೋಣಿಗಳ ನಡುವಿನ ಅಂತರ ಎಷ್ಟು ಬದಲಾಯಿತೋ, ಆ ಇಬ್ಬರಲ್ಲಿ ಯಾರು ಮೇಲು ಅನ್ನೋದಕ್ಕೆ ಅದೇ ಲೆಕ್ಕ. ನನ್ನನ್ನು ಬದಲಿಸಿದ್ದು ನನ್ನ ರೂಮ್‌ಮೇಟ್ ಜೊತೆ. ರಾತ್ರಿ ನನ್ನ ಪಕ್ಕೆಗೆ ಬಿಸಿನೀರಿನ ಚೀಲ ಇಟ್ಟವಳು ಅವಳು. ಮಾತಾಡದೆ ದೋಣಿ ಬದಲಿಸಿದೆವು. ಹತ್ತುವಾಗ ಅವಳು ಸೀಟು ಹಿಡಿದು ಕೊಟ್ಟಳು.

ಸಂಜೆ ಪಟ್ಟಿ ಓದಿದರು. ಮೂರನೇ ಸೀಟಿಗೆ ನನ್ನ ಹೆಸರು. ಅವಳೇ ಮೊದಲು ಬಂದು ತಬ್ಬಿಕೊಂಡಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ.

ಅಪ್ಪಯ್ಯನಿಗೆ ಫೋನ್ ಮಾಡಿದೆ. ಹೋಟೆಲಿನಲ್ಲಿ ಗಿರಾಕಿ ತುಂಬಿದ ಹೊತ್ತು. ಹಿಂದೆ ಪಾತ್ರೆ ಸದ್ದು, "ಎರಡು ಮಸಾಲೆ" ಅನ್ನುವ ಕೂಗು. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ತಡಿ ಮಗಾ, ಕಾವಲಿ ಉರಿ ಸಣ್ಣ ಮಾಡಿ ಬತ್ತೆ" ಅಂದರು.